ಸ್ಪರ್ಶಕ್ಕೆ ಯಾವ ಅಂಚೆ?

ಮಗುವಿಗೆ ಮೈ ಬಿಸಿಯಾಗಿದೆಯೆಂಬ ಅನುಮಾನ ಬಂದರೆ ತಾಯಿಯಾದವಳು ಮೊದಲು ಏನು ಮಾಡುತ್ತಾಳೆ? ಹಣೆಯ ಮೇಲೆ ಕೈಯಿಟ್ಟು ನೋಡುತ್ತಾಳೆ. ಜ್ವರ ಅಳೆಯುವ ಕಡ್ಡಿ ಬೀರುವಿನಲ್ಲಿಯೇ ಇದ್ದರೂ ಕೈಯೇ ಮೊದಲು. ಬಟ್ಟೆಯಂಗಡಿಯಲ್ಲಿ ಸೀರೆಯ ಸೆರಗನ್ನು ಎರಡು ಬೆರಳ ನಡುವೆ ಹೊಸಕಿ ನೋಡುತ್ತೇವೆ. ಮಾವಿನ ಹಣ್ಣನ್ನು ಮೆಲ್ಲನೆ ಅದುಮಿ ನೋಡುತ್ತೇವೆ. ಹೊಟ್ಟೆನೋವೆಂದು ಹೋದರೆ ಡಾಕ್ಟರು ಮಾತು ಕೇಳಿಸಿಕೊಂಡು ಸುಮ್ಮನಾಗುವುದಿಲ್ಲ. ಮಲಗಿಸಿ, ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ, ಎಲ್ಲಿ ಗಟ್ಟಿ, ಎಲ್ಲಿ ಮೆತು ಎಂದು ಬೆರಳುಗಳಿಂದಲೇ ವಿಚಾರಿಸುತ್ತಾರೆ. ಕಣ್ಣಿಗೂ ಕಿವಿಗೂ ದಕ್ಕದ ಎಷ್ಟೋ ಸಂಗತಿಗಳು ಕೈಗೆ ದಕ್ಕುತ್ತವೆ.

ಕಿವಿಯ ಮಟ್ಟಿಗೆ ದೂರವೆಂಬುದು ಅಳಿದು ನೂರು ವರ್ಷಗಳ ಮೇಲಾಯಿತು. ದೂರವಾಣಿ ಬಂತು, ಬಾನುಲಿ ಬಂತು. ಎಲ್ಲಿಯೋ ಹಾಡಿದವರ ಹಾಡು ನಮ್ಮ ನಡುಮನೆಯಲ್ಲಿ ಕೇಳಿಸಿತು. ಆಮೇಲೆ ಕಣ್ಣಿನ ಸರದಿಯೂ ಬಂತು. ಆದರೆ ಕೈ ಮಾತ್ರ ಇನ್ನೂ ತನ್ನ ತೋಳಿನಳತೆಯ ಆಚೆಗೆ ಹೋಗಲು ತಿಣುಕುತ್ತಿದೆ. ದೊಡ್ಡ ಊರಿನಲ್ಲಿ ಕುಳಿತ ವೈದ್ಯರು ಐನೂರು ಮೈಲಿಯಾಚೆಯ ರೋಗಿಯ ಹೊಟ್ಟೆಯನ್ನು ಒತ್ತಿ ನೋಡುವಂತಿದ್ದರೆ ಎಷ್ಟು ಜನರ ಪ್ರಯಾಣ ತಪ್ಪೀತು, ಎಷ್ಟು ಜೀವ ಉಳಿದೀತು! ಇದು ಬರಿಯ ಕನಸಲ್ಲ. ಎಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಇದಕ್ಕಾಗಿ ಜನ ದುಡಿದಿದ್ದಾರೆ. ಅವರನ್ನು ಬಹಳವಾಗಿ ಕಾಡಿದ ಪ್ರಶ್ನೆಗಳಲ್ಲಿ ಒಂದು, ಕೇಳಿದರೆ ನಿಮಗೆ ಆಶ್ಚರ್ಯವಾದೀತು, ಅಂಚೆಯ ಪ್ರಶ್ನೆ: ಮುಟ್ಟಿದ ಸುದ್ದಿಯನ್ನು ಯಾವ ರೀತಿಯ ಅಂಚೆಯಲ್ಲಿ ಕಳುಹಿಸಬೇಕು?

ಇಲ್ಲಿ ಸ್ಪರ್ಶವೆಂದರೆ ಮುಖ್ಯವಾಗಿ ಒತ್ತುವ ಬಲ ಮತ್ತು ಅದಕ್ಕೆ ಎದುರಾಗುವ ಬಲ ಎಂದು ತಿಳಿಯಬೇಕು. ಕಿವಿ ಕೇಳುತ್ತದೆ, ಕಣ್ಣು ನೋಡುತ್ತದೆ. ಎರಡೂ ಬಂದುದನ್ನು ತೆಗೆದುಕೊಳ್ಳುವ ಇಂದ್ರಿಯಗಳು. ಕೈಯ ರೀತಿ ಬೇರೆ. ಅದು ಕೊಡುತ್ತಲೇ ತೆಗೆದುಕೊಳ್ಳುತ್ತದೆ. ನೀವು ಮೇಜನ್ನು ಒತ್ತಿದಷ್ಟೂ ಮೇಜು ನಿಮ್ಮನ್ನು ಒತ್ತುತ್ತದೆ. ಕೊಟ್ಟುದಕ್ಕೂ ಬಂದುದಕ್ಕೂ ನಡುವೆ ಬಿಡುವಿಲ್ಲ. ಈ ಬಿಡುವಿಲ್ಲದಿರುವಿಕೆಯೇ ನಮ್ಮ ಕಥೆಯ ತಿರುಳು.

ಕಥೆ ಮೊದಲಾಗುವುದು ಎರಡನೆಯ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ, ಅಮೆರಿಕದ ಚಿಕಾಗೋ ನಗರದ ಹತ್ತಿರವಿರುವ ಆರ್ಗೋನ್ ರಾಷ್ಟ್ರೀಯ ಪ್ರಯೋಗಶಾಲೆಯಲ್ಲಿ. ಅಲ್ಲಿ ವಿಕಿರಣ ಸೂಸುವ ವಸ್ತುಗಳೊಡನೆ ಕೆಲಸ. ಕೈಯಿಂದ ಮುಟ್ಟಿದರೆ ಕೈಗೇ ಕುತ್ತು, ಮುಟ್ಟದೆ ಕೆಲಸವಾಗದು. ರೇಮಂಡ್ ಗೋರ್ಟ್ಸ್ ಎಂಬ ಯಂತ್ರತಜ್ಞನು ಇದಕ್ಕೊಂದು ಉಪಾಯ ಹೂಡಿದನು. ದಪ್ಪ ಗೋಡೆಯ ಈಚೆ ಮನುಷ್ಯನು ನಿಂತು ಒಂದು ಹಿಡಿಯನ್ನು ಹಿಡಿಯುತ್ತಾನೆ. ಗೋಡೆಯ ಆಚೆ ಒಂದು ಉಕ್ಕಿನ ಕೈ. ಎರಡಕ್ಕೂ ನಡುವೆ ಲೋಹದ ಪಟ್ಟಿಗಳ ಸಂಬಂಧ. ಈಚೆಯ ಹಿಡಿ ತಿರುಗಿದಂತೆ ಆಚೆಯ ಕೈ ತಿರುಗುತ್ತದೆ. ದಪ್ಪ ಗಾಜಿನ ಕಿಟಕಿಯ ಮೂಲಕ ನೋಡುತ್ತ ಕೆಲಸ ಮಾಡಬಹುದು. ಪಟ್ಟಿಗಳು ಬಿಗಿಯಾಗಿದ್ದುದರಿಂದ ಆಚೆಯ ಕೈಗೆ ಏನಾದರೂ ತಗುಲಿದರೆ ಆ ತಡೆ ಈಚೆಯ ಕೈಗೂ ತಾನಾಗಿ ತಿಳಿಯುತ್ತಿತ್ತು.

ಆದರೆ ಲೋಹದ ಪಟ್ಟಿಯನ್ನು ಎಷ್ಟು ದೂರ ಎಳೆಯಲಾದೀತು? 1954ರಲ್ಲಿ ಗೋರ್ಟ್ಸನು ಪಟ್ಟಿಗಳನ್ನು ಬಿಟ್ಟು ವಿದ್ಯುತ್ ಮೋಟಾರುಗಳನ್ನೂ ತಂತಿಗಳನ್ನೂ ಬಳಸಿದ ಕೈಯನ್ನು ತೋರಿಸಿದನು. ಈಚೆಯ ಚಲನೆ ತಂತಿಯಲ್ಲಿ ಆಚೆಗೆ ಹೋಗುತ್ತಿತ್ತು. ಆಚೆ ತಗುಲಿದ ಬಲ ತಂತಿಯಲ್ಲಿಯೇ ಈಚೆಗೆ ಬಂದು ಹಿಡಿಯನ್ನು ತಳ್ಳುತ್ತಿತ್ತು. ಸ್ಪರ್ಶವು ಹೀಗೆ ತಂತಿಯನ್ನೇರಿತು. ತಂತಿ ಕೆಲವು ಗಜಗಳದು ಮಾತ್ರ. ವಿದ್ಯುತ್ತಿಗೆ ಆ ದೂರ ಒಂದು ದೂರವೇ ಅಲ್ಲ. ಆದ್ದರಿಂದ ತಡವೆಂಬ ಮಾತೇ ಅಲ್ಲಿ ಹುಟ್ಟಲಿಲ್ಲ.

ತಡದ ಮಾತು ಹುಟ್ಟಿದ್ದು ಮನುಷ್ಯನು ಚಂದ್ರನ ಕಡೆಗೆ ಕೈಚಾಚಿದಾಗ. ಚಂದ್ರನಿಗೆ ಸುಮಾರು 3,84,000 ಕಿಲೋಮೀಟರು. ಬಾನುಲಿಯ ಅಲೆ ಹೋಗಿ ಬರಲು ಎರಡೂವರೆ ಸೆಕೆಂಡಿಗೂ ಮೇಲೆ ಬೇಕು. ಅಲ್ಲಿ ಒಂದು ಯಂತ್ರಹಸ್ತವನ್ನಿಟ್ಟು ಇಲ್ಲಿಂದ ಆಡಿಸಿದರೆ ಏನಾಗುತ್ತದೆ? ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ವಿಲಿಯಂ ಫೆರೆಲ್ ಎಂಬಾತನು ಬೇಕೆಂದೇ ತಡವನ್ನು ಸೇರಿಸಿದ ಯಂತ್ರಹಸ್ತವನ್ನು ಜನರ ಕೈಗೆ ಕೊಟ್ಟು ನೋಡಿದನು. 1965ರಲ್ಲಿ ಅದರ ಫಲವನ್ನು ಪ್ರಕಟಿಸಿದನು. ಯಾರೂ ಹೇಳಿಕೊಡದೆಯೇ ಜನ ಒಂದು ರೀತಿಯನ್ನು ಕಂಡುಕೊಂಡಿದ್ದರು: ಸ್ವಲ್ಪ ಚಲಿಸುವುದು, ನಿಂತು ಕಾಯುವುದು, ಏನಾಯಿತೆಂದು ಕಂಡ ಮೇಲೆ ಮತ್ತೆ ಸ್ವಲ್ಪ ಚಲಿಸುವುದು. ಕತ್ತಲಲ್ಲಿ ಮೆಟ್ಟಿಲಿಳಿಯುವವರ ಹಾಗೆ. ಕೆಲಸ ನಿಧಾನವಾದರೂ ಆಗುತ್ತಿತ್ತು.

ಅದು ಕಣ್ಣಿನಿಂದ ನೋಡಿ ಮಾಡುವ ಕೆಲಸ. ಬಲದ ಸುದ್ದಿಯನ್ನೂ ತಡವಾಗಿ ಕೈಗೆ ಕೊಟ್ಟರೆ? ಮರುವರ್ಷ, 1966ರಲ್ಲಿ, ಫೆರೆಲ್ ಅದನ್ನೂ ಬರೆದನು. ಇಲ್ಲಿ ತೊಡಕು ದೊಡ್ಡದು. ಮದುವೆಯ ಚಪ್ಪರದಲ್ಲಿ ಮೈಕನ್ನು ಧ್ವನಿವರ್ಧಕದ ಎದುರಿಗೆ ಹಿಡಿದರೆ ಏನಾಗುತ್ತದೆಯೆಂಬುದು ನಿಮಗೆ ಗೊತ್ತಷ್ಟೆ. ಹೊರಟ ಸದ್ದು ತಿರುಗಿ ಮೈಕಿಗೆ ಬಂದು, ದೊಡ್ಡದಾಗಿ ಹೊರಟು, ಮತ್ತೆ ಬಂದು, ಕೊನೆಗೆ ಕಿವಿ ಸೀಳುವ ಕೂಗಾಗುತ್ತದೆ. ತಡವಾಗಿ ಬಂದ ಸ್ಪರ್ಶವೂ ಹಾಗೆಯೇ. ನೀವು ದೂರದ ಗೋಡೆಯನ್ನು ಒತ್ತುತ್ತೀರಿ. ಗೋಡೆಯ ಉತ್ತರ ಇನ್ನೂ ಬಂದಿಲ್ಲ. ಅಡ್ಡಿಯಿಲ್ಲವೆಂದು ಇನ್ನಷ್ಟು ಒತ್ತುತ್ತೀರಿ. ಅಷ್ಟರಲ್ಲಿ ಉತ್ತರ ಬಂದು ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಕೈ ಹಿಂದೆ ಸರಿದರೂ ಆ ಸುದ್ದಿ ಆಚೆಗೆ ಮುಟ್ಟಿಲ್ಲ, ತಳ್ಳು ನಿಲ್ಲುವುದಿಲ್ಲ. ಹೀಗೆ ಹೋಗುತ್ತ ಬರುತ್ತ ಯಂತ್ರ ತುಯ್ದಾಡತೊಡಗುತ್ತದೆ. ಆಚೆ ಇರುವುದು ಗೋಡೆಯಾದರೆ ಯಂತ್ರ ಮುರಿದೀತು, ರೋಗಿಯ ಹೊಟ್ಟೆಯಾದರೆ?

ಇನ್ನು ಕಥೆಯ ಎರಡನೆಯ ಎಳೆಯನ್ನು ಹಿಡಿಯೋಣ. 1969ರಲ್ಲಿ ಅಮೆರಿಕದಲ್ಲಿ ಅರ್ಪಾನೆಟ್ ಎಂಬ ಗಣಕಯಂತ್ರಗಳ ಜಾಲ ಮೊದಲಾಯಿತು. ಇಂದಿನ ಇಂಟರ್‌ನೆಟ್ಟಿನ ಹಿರಿಯಣ್ಣ ಅದು. ದೂರವಾಣಿಯಲ್ಲಿ ಇಬ್ಬರು ಮಾತನಾಡಿದಷ್ಟು ಹೊತ್ತೂ ಒಂದು ದಾರಿ ಅವರಿಗೇ ಮೀಸಲು. ಈ ಜಾಲದಲ್ಲಿ ಹಾಗಲ್ಲ. ಸುದ್ದಿಯನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ, ಒಂದೊಂದರ ಮೇಲೂ ವಿಳಾಸ ಬರೆದು ಬಿಡುತ್ತಾರೆ. ಎಲ್ಲರ ಪೊಟ್ಟಣಗಳೂ ಒಂದೇ ದಾರಿಯಲ್ಲಿ ಓಡುತ್ತವೆ. ದಾರಿ ಕಿಕ್ಕಿರಿದರೆ ಕೆಲವು ತಡವಾಗುತ್ತವೆ, ಕೆಲವು ಬಿದ್ದುಹೋಗುತ್ತವೆ, ಹಿಂದಿನದು ಮುಂದಾಗುವುದೂ ಉಂಟು. ಇವುಗಳನ್ನು ಹೇಗೆ ಕಳುಹಿಸಬೇಕು, ಹೇಗೆ ಪಡೆಯಬೇಕು ಎಂಬ ಕಟ್ಟಳೆಗೆ ಪ್ರೋಟೊಕಾಲ್ ಎಂದು ಹೆಸರು.

1974ರಲ್ಲಿ ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬಿಬ್ಬರು ಬೇರೆ ಬೇರೆ ಜಾಲಗಳನ್ನು ಒಂದುಗೂಡಿಸುವ ಕಟ್ಟಳೆಯೊಂದನ್ನು ಪ್ರಕಟಿಸಿದರು. ಮುಂದೆ ಟಿಸಿಪಿ ಎಂದು ಪ್ರಸಿದ್ಧವಾದುದು ಇದೇ. ಇದರ ಗುಣವನ್ನು ತಿಳಿಯಬೇಕಾದರೆ ಹಿಂದಿನ ರಿಜಿಸ್ಟರ್ ಅಂಚೆಯನ್ನು ನೆನಪು ಮಾಡಿಕೊಳ್ಳಿ. ಕಾಗದ ತಲುಪಿತೆಂಬುದಕ್ಕೆ ಸಹಿ ಹಾಕಿದ ಚೀಟಿ ಹಿಂದಕ್ಕೆ ಬರುತ್ತಿತ್ತು. ಟಿಸಿಪಿಯೂ ಹಾಗೆ: ಪ್ರತಿಯೊಂದು ಪೊಟ್ಟಣಕ್ಕೂ ಕ್ರಮಸಂಖ್ಯೆ, ತಲುಪಿತೆಂಬ ರಸೀದಿ ಬಾರದಿದ್ದರೆ ಅದನ್ನೇ ಮತ್ತೆ ಕಳುಹಿಸುತ್ತದೆ. ಐದನೆಯದು ಬರದೆ ಆರು, ಏಳು, ಎಂಟು ಬಂದರೂ ಅವನ್ನು ಬಾಗಿಲಲ್ಲಿಯೇ ನಿಲ್ಲಿಸಿಕೊಂಡು, ಐದು ಬಂದ ಮೇಲೆ ಎಲ್ಲವನ್ನೂ ಸಾಲಾಗಿ ಒಳಗೆ ಬಿಡುತ್ತದೆ. ಬ್ಯಾಂಕಿನ ಲೆಕ್ಕಕ್ಕೆ, ಪುಸ್ತಕದ ಪುಟಕ್ಕೆ ಇದಕ್ಕಿಂತ ಮೇಲಾದ ವ್ಯವಸ್ಥೆಯಿಲ್ಲ. ಒಂದಂಕಿ ತಪ್ಪಿದರೂ ಲೆಕ್ಕ ಕೆಟ್ಟಿತಲ್ಲವೆ?

ಆದರೆ ಅದೇ 1974ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯೊಂದರಲ್ಲಿ ಡ್ಯಾನಿ ಕೋಹೆನ್ ಎಂಬಾತನು ಸಂಗಡಿಗರೊಡನೆ ಬೇರೊಂದು ಪ್ರಯೋಗದಲ್ಲಿ ತೊಡಗಿದ್ದನು: ಮನುಷ್ಯನ ಮಾತನ್ನು ಪೊಟ್ಟಣ ಕಟ್ಟಿ ಕಳುಹಿಸುವುದು. ಅವನಿಗೆ ರಸೀದಿಯ ವ್ಯವಸ್ಥೆ ಕಾಲಿನ ತೊಡಕಾಯಿತು. ಮಾತಿನ ಒಂದು ಚೂರು ಕಳೆದುಹೋದರೆ ಕಿವಿಗೆ ಚಿಟ್ಟೆಂಬ ಸದ್ದು ಕೇಳಿಸಬಹುದು, ಅರ್ಥ ಕೆಡುವುದಿಲ್ಲ. ಆ ಚೂರಿಗಾಗಿ ಉಳಿದ ಮಾತನ್ನೆಲ್ಲ ತಡೆದು ನಿಲ್ಲಿಸಿದರೆ ಸಂಭಾಷಣೆಯೇ ಕೆಡುತ್ತದೆ. ಕಾಗದಕ್ಕೆ ಪೂರ್ಣವಾಗಿರುವುದು ಮುಖ್ಯ. ಮಾತಿಗೆ ಹೊತ್ತಿಗೆ ಸರಿಯಾಗಿರುವುದು ಮುಖ್ಯ. ಎಲ್ಲರನ್ನೂ ರಿಜಿಸ್ಟರ್ ಅಂಚೆಗೇ ಕಟ್ಟಿಹಾಕಬೇಡಿರೆಂದು ಕೋಹೆನ್ ಪಟ್ಟು ಹಿಡಿದನು. 1977ರಲ್ಲಿ ಜಾನ್ ಪೊಸ್ಟೆಲ್ ಎಂಬ ಇನ್ನೊಬ್ಬನು, ಒಂದೇ ಕಟ್ಟಳೆಗೆ ಎರಡು ಕೆಲಸ ಹೊರಿಸಿದ್ದೇವೆ, ಇದು ತಪ್ಪು ಎಂಬರ್ಥದ ಟಿಪ್ಪಣಿ ಬರೆದನು. 1978ರಲ್ಲಿ ಸರ್ಫ್, ಕೋಹೆನ್, ಪೊಸ್ಟೆಲ್ ಮೊದಲಾದವರ ಚರ್ಚೆಯ ಫಲವಾಗಿ ಕಟ್ಟಳೆಯನ್ನು ಎರಡಾಗಿ ಸೀಳಲಾಯಿತು. ವಿಳಾಸ ನೋಡಿ ಪೊಟ್ಟಣ ಒಯ್ಯುವ ಕೆಲಸ ಐಪಿಗೆ; ರಸೀದಿ, ಕ್ರಮ, ಮರುರವಾನೆಗಳ ಹೊಣೆ ಟಿಸಿಪಿಗೆ. ಬೇಕಾದವರು ಟಿಸಿಪಿಯನ್ನು ಬಳಸಲಿ, ಬೇಡದವರು ಬಿಡಲಿ.

ಬೇಡದವರಿಗಾಗಿ 1980ರ ಆಗಸ್ಟಿನಲ್ಲಿ ಪೊಸ್ಟೆಲ್ ಇನ್ನೊಂದು ಕಟ್ಟಳೆಯನ್ನು ಬರೆದನು. ಅದೇ ಯುಡಿಪಿ. ಇಡೀ ಕಟ್ಟಳೆ ಮೂರು ಪುಟ ಮಾತ್ರ. ಪೊಟ್ಟಣ ಯಾವ ಬಾಗಿಲಿನಿಂದ ಹೊರಟಿತು, ಯಾವ ಬಾಗಿಲಿಗೆ ಹೋಗಬೇಕು, ಎಷ್ಟುದ್ದ, ದಾರಿಯಲ್ಲಿ ಕೆಟ್ಟಿದೆಯೇ ಎಂಬ ನಾಲ್ಕು ವಿಷಯ. ಅವಕ್ಕೆ 8 ಬೈಟ್. ರಸೀದಿಯಿಲ್ಲ, ಮರುರವಾನೆಯಿಲ್ಲ. ತಲುಪಿದರೆ ತಲುಪಿತು, ಇಲ್ಲವಾದರೆ ಇಲ್ಲ. ಬೇಜವಾಬ್ದಾರಿಯ ಅಂಚೆಯೆಂದು ಕಾಣಬಹುದು. ಆದರೆ ನಾವು ದಿನವೂ ಕೇಳುವ ಬಾನುಲಿಯ ಬಿತ್ತರವೂ ಹೀಗೆಯೇ ತಾನೆ? ಕ್ರಿಕೆಟ್ಟಿನ ವೀಕ್ಷಕ ವಿವರಣೆಯ ನಡುವೆ ಗುಡುಗು ಮಿಂಚಿನಿಂದ ಒಂದು ಮಾತು ಕಳೆದುಹೋದರೆ, ನಿಲಯದವರು ಆಟ ನಿಲ್ಲಿಸಿ ಅದನ್ನು ನಿಮಗಾಗಿ ಮತ್ತೆ ಹೇಳುವುದಿಲ್ಲ. ಆಟ ಮುಂದೆ ನಡೆಯುತ್ತದೆ. ನೀವೂ ಅದರ ಸಂಗಡ ನಡೆಯುತ್ತೀರಿ.

ಹಾಗಾದರೆ ಸ್ಪರ್ಶ ಯಾವ ಜಾತಿಗೆ ಸೇರಿದ್ದು? ಕಾಗದದ ಜಾತಿಗೋ, ಮಾತಿನ ಜಾತಿಗೋ? ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಬೆರಳಿನಿಂದ ಹಿಡಿದು ಇಲ್ಲದ ವಸ್ತುವನ್ನು ಮುಟ್ಟಿದಂತೆ ತೋರಿಸುವ ಫ್ಯಾಂಟಮ್ ಎಂಬ ಸಾಧನವನ್ನು ಎಂ.ಐ.ಟಿ.ಯಲ್ಲಿ ತಾಮಸ್ ಮ್ಯಾಸಿ ಮತ್ತು ಕೆನೆತ್ ಸಾಲಿಸ್‌ಬರಿ 1990ರ ದಶಕದ ಮೊದಲ ಭಾಗದಲ್ಲಿ ಮಾಡಿದರು. ಗಟ್ಟಿ ಗೋಡೆ ಗಟ್ಟಿಯಾಗಿಯೇ ಕೈಗೆ ತೋರಬೇಕಾದರೆ ಇಂಥ ಯಂತ್ರವು ಸೆಕೆಂಡಿಗೆ ಸುಮಾರು ಸಾವಿರ ಸಲ ಕೈಯ ಸ್ಥಾನವನ್ನು ನೋಡಿ ಬಲವನ್ನು ತಿದ್ದಬೇಕೆಂಬುದು ಈ ಕೆಲಸದವರ ರೂಢಿಯಾಯಿತು. ಚಲನಚಿತ್ರಕ್ಕೆ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಸಾಕು. ಕೈಗೆ ಸಾವಿರ ಬೇಕು! ಒಂದೊಂದು ಸಲಕ್ಕೂ ಒಂದು ಪೊಟ್ಟಣವೆಂದರೆ ಸೆಕೆಂಡಿಗೆ ಸಾವಿರ ಪೊಟ್ಟಣ.

ಇವನ್ನು ಟಿಸಿಪಿಯಲ್ಲಿ ಕಳುಹಿಸಿದೆವೆನ್ನಿ. ಹೋಗಿಬರಲು ಸೆಕೆಂಡಿನ ಹತ್ತನೆಯ ಒಂದು ಪಾಲು ಹಿಡಿಯುವ ದಾರಿ. ಒಂದು ಪೊಟ್ಟಣ ಕಳೆಯಿತು. ಅದು ಬಂದಿಲ್ಲವೆಂಬ ಸುಳಿವು ಹೋಗಿ ಮತ್ತೊಂದು ಬರುವ ವೇಳೆಗೆ ಅದರ ಹಿಂದೆ ನೂರು ಹೊಸ ಪೊಟ್ಟಣಗಳು ಬಾಗಿಲಲ್ಲಿ ಕಾದು ನಿಂತಿರುತ್ತವೆ. ಕಳೆದುದು ಬಂದೊಡನೆ ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಅಷ್ಟು ಹೊತ್ತು ಮರಗಟ್ಟಿದ್ದ ಯಂತ್ರಹಸ್ತ ತಟ್ಟನೆ ನೆಗೆಯುತ್ತದೆ. ಇಷ್ಟೆಲ್ಲ ಯಾವುದಕ್ಕಾಗಿ? ಕೈ ಸ್ವಲ್ಪ ಹೊತ್ತಿನ ಹಿಂದೆ ಎಲ್ಲಿತ್ತೆಂಬ ಹಳಸಿದ ಸುದ್ದಿಗಾಗಿ. ಈಗ ಕೈ ಎಲ್ಲಿದೆಯೆಂಬುದು ತಿಳಿದ ಮೇಲೆ ಆಗ ಎಲ್ಲಿತ್ತೆಂಬುದು ಯಾರಿಗೆ ಬೇಕು?

ಟಿಸಿಪಿಯ ಇನ್ನೊಂದು ಒಳ್ಳೆಯ ಗುಣವೂ ಇಲ್ಲಿ ಕೆಡುಕಾಯಿತು. ಜಾಲದಲ್ಲಿ ಒಂದಕ್ಷರದ ಸುದ್ದಿಗೂ ವಿಳಾಸದ ಹೊದಿಕೆ 40 ಬೈಟ್ ಬೇಕು; ಒಂದು ಸೇರಿ 41. ಕಾಳಿಗಿಂತ ಚೀಲವೇ ಭಾರ. ಇದರಿಂದ ಜಾಲ ಕಿಕ್ಕಿರಿಯುತ್ತಿತ್ತು. 1984ರಲ್ಲಿ ಜಾನ್ ನೇಗಲ್ ಎಂಬಾತನು ಒಂದು ಜಾಣ ಉಪಾಯ ಹೇಳಿದನು: ಹಿಂದಿನದಕ್ಕೆ ರಸೀದಿ ಬರುವ ತನಕ ಸಣ್ಣ ಸುದ್ದಿಗಳನ್ನು ಕೂಡಿಟ್ಟು ಒಂದೇ ಪೊಟ್ಟಣದಲ್ಲಿ ಕಳುಹಿಸಿ. ಊರಿನ ಬಸ್ಸು ತುಂಬುವ ತನಕ ನಿಲ್ಲುವ ಹಾಗೆ. ದಾರಿಗೆ ಉಪಕಾರವಾಯಿತು, ಅವಸರದ ಪ್ರಯಾಣಿಕನಿಗೆ ಅಪಕಾರ. ಸ್ಪರ್ಶದ ಸುದ್ದಿಗಳೆಲ್ಲ ಪುಟ್ಟವು: ಮೂರು ದಿಕ್ಕಿನ ಸ್ಥಾನ, ಮೂರು ದಿಕ್ಕಿನ ವೇಗ, ಒಂದೊಂದಕ್ಕೆ 4 ಬೈಟಿನಂತೆ 24 ಬೈಟ್. ಅವು ಬಸ್ಸು ತುಂಬುವ ತನಕ ಕಾಯಲಾರವು. ಟಿಸಿಪಿಯನ್ನೇ ಬಳಸಬೇಕೆಂದು ಹೊರಟವರು ಮೊದಲು ಈ ಏರ್ಪಾಡನ್ನು ನಿಲ್ಲಿಸಿ ಹೊರಡಬೇಕಾಯಿತು.

ಹೀಗೆ ಮೇಲುನೋಟಕ್ಕೆ ಸ್ಪರ್ಶವು ಮಾತಿನ ಜಾತಿಯದು. ಯುಡಿಪಿಯೇ ಅದಕ್ಕೆ ತಕ್ಕ ಅಂಚೆ. ಈ ಕೆಲಸದಲ್ಲಿ ತೊಡಗಿದವರು ಹೆಚ್ಚಾಗಿ ಒಪ್ಪಿದ್ದೂ ಅದನ್ನೇ. ಆದರೆ ಮಾತಿಗೆ ಸಾಲುವ ಒಂದು ಉಪಾಯ ಸ್ಪರ್ಶಕ್ಕೆ ಸಾಲದು. ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿ ನೋಡಿ. ಒಂದೇ ನಿಲಯವನ್ನು ರೇಡಿಯೊ ಪೆಟ್ಟಿಗೆಯಲ್ಲಿಯೂ ಮೊಬೈಲಿನ ಆ್ಯಪಿನಲ್ಲಿಯೂ ಒಟ್ಟಿಗೆ ಹಚ್ಚಿ. ವಾರ್ತೆಗೆ ಮುಂಚಿನ ಗಂಟೆಯ ಪೀಪಿ ಸದ್ದು ಪೆಟ್ಟಿಗೆಯಲ್ಲಿ ಮೊದಲು ಕೇಳಿಸುತ್ತದೆ. ಮೊಬೈಲು ಹಲವು ಸೆಕೆಂಡು ಹಿಂದೆ ಬೀಳುತ್ತದೆ. ಪೊಟ್ಟಣಗಳು ಏರುಪೇರಾಗಿ ಬಂದರೂ ಹಾಡು ತಡೆಯದಿರಲೆಂದು ಮೊಬೈಲು ಮುಂಗಡವಾಗಿ ಸ್ವಲ್ಪ ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಕೇಳುವವರಿಗೆ ಇದರಿಂದ ನಷ್ಟವಿಲ್ಲ. ಸ್ಪರ್ಶದಲ್ಲಿ ಹೀಗೆ ಕೂಡಿಟ್ಟುಕೊಂಡರೆ? ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಎರಡು ಒನಕೆ ಹಿಡಿದು ಭತ್ತ ಕುಟ್ಟುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರು ಕಂಡಿರಬಹುದು. ಒಬ್ಬಳು ಎತ್ತಿದಾಗ ಇನ್ನೊಬ್ಬಳು ಇಳಿಸಬೇಕು. ಒಬ್ಬಳ ಪೆಟ್ಟು ಇನ್ನೊಬ್ಬಳಿಗೆ ತಡವಾಗಿ ತಿಳಿದರೆ ಒನಕೆಗೆ ಒನಕೆ ತಾಗುತ್ತದೆ. ಸ್ಪರ್ಶವು ಭಾಷಣವಲ್ಲ, ಜೋಡಿ ಒನಕೆ.

ಒನಕೆ ತಾಗದಂತೆ ನೋಡಿಕೊಳ್ಳುವ ಕೆಲಸ ಅಂಚೆಯೊಂದರಿಂದ ಆಗಲಿಲ್ಲ. ಗಣಿತದ ಸಹಾಯ ಬೇಕಾಯಿತು. 1989ರಲ್ಲಿ ರಾಬರ್ಟ್ ಆಂಡರ್ಸನ್ ಮತ್ತು ಮಾರ್ಕ್ ಸ್ಪಾಂಗ್ ಎಂಬಿಬ್ಬರು ತುಯ್ದಾಟದ ಮೂಲವನ್ನು ಶಕ್ತಿಯ ಲೆಕ್ಕದಿಂದ ವಿವರಿಸಿದರು. ಬಲವನ್ನೂ ವೇಗವನ್ನೂ ಇದ್ದಂತೆಯೇ ತಡಮಾಡಿ ಕಳುಹಿಸಿದರೆ, ನಡುವಿನ ದಾರಿಯೇ ಇಲ್ಲದ ಶಕ್ತಿಯನ್ನು ಹುಟ್ಟಿಸಿದಂತಾಗುತ್ತದೆ. ಉದ್ದದ ತಂತಿಯಲ್ಲಿ ವಿದ್ಯುತ್ತಿನ ಅಲೆ ಹೋಗುವ ರೀತಿಯಲ್ಲಿ ಎರಡನ್ನೂ ಬೆರೆಸಿ ಕಳುಹಿಸಿದರೆ ದಾರಿ ಶಕ್ತಿಯನ್ನು ಹುಟ್ಟಿಸದು, ಕೈ ತುಯ್ಯದು. 1991ರಲ್ಲಿ ಗುಂಟರ್ ನೀಮೈಯರ್ ಮತ್ತು ಜಾನ್-ಜಾಕ್ ಸ್ಲೊಟೀನ್ ಇದನ್ನು ಇನ್ನಷ್ಟು ಬೆಳೆಸಿದರು. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ತಡ ಹೆಚ್ಚಿದಷ್ಟೂ ದೂರದ ಕಲ್ಲುಗೋಡೆ ಕೈಗೆ ಹತ್ತಿಯ ದಿಂಬಿನ ಹಾಗೆ ತೋರುತ್ತದೆ. ಹೊಟ್ಟೆಯೊಳಗಿನ ಗಡ್ಡೆಯನ್ನು ಹುಡುಕುವ ಬೆರಳಿಗೆ ಗಟ್ಟಿ ಯಾವುದು, ಮೆತು ಯಾವುದು ಎಂಬ ಭೇದವೇ ಮಸುಕಾದರೆ ಏನುಳಿಯಿತು? ಅಲ್ಲದೆ ಈ ಗಣಿತ ಮೊದಲಿಗೆ ನಂಬಿದ್ದು ಒಂದೇ ಸಮನಾದ ತಡವನ್ನು. ಪೊಟ್ಟಣದ ಜಾಲದಲ್ಲಿ ತಡ ಕ್ಷಣಕ್ಷಣಕ್ಕೂ ಬೇರೆ. ಅದಕ್ಕೆ ಮದ್ದು ಹುಡುಕುವ ಕೆಲಸ ಮುಂದಿನವರಿಗೆ ಬಿತ್ತು.

2001ರ ಸೆಪ್ಟೆಂಬರ್ 7ರಂದು ಜಗತ್ತೇ ಬೆರಗಾದ ಒಂದು ಘಟನೆ ನಡೆಯಿತು. ನ್ಯೂಯಾರ್ಕಿನಲ್ಲಿ ಕುಳಿತ ಫ್ರೆಂಚ್ ಶಸ್ತ್ರವೈದ್ಯ ಜಾಕ್ ಮಾರೆಸ್ಕೊ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಮಲಗಿದ್ದ 68 ವರ್ಷದ ಮಹಿಳೆಯ ಪಿತ್ತಕೋಶವನ್ನು ಯಂತ್ರಹಸ್ತಗಳ ಮೂಲಕ ತೆಗೆದರು. 1927ರಲ್ಲಿ ಒಬ್ಬನೇ ವಿಮಾನದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ಲಿಂಡ್‌ಬರ್ಗನ ಹೆಸರನ್ನೇ ಈ ಶಸ್ತ್ರಚಿಕಿತ್ಸೆಗೆ ಇಟ್ಟರು. ಅಲ್ಲಿ ಅವರು ಆರಿಸಿದ ಅಂಚೆ ಯಾವುದು? ಎಲ್ಲರೂ ಓಡಾಡುವ ಇಂಟರ್‌ನೆಟ್ ಅಲ್ಲ. ಉಪಗ್ರಹವೂ ಅಲ್ಲ, ಭೂಮಿಯಿಂದ 36,000 ಕಿಲೋಮೀಟರ್ ಮೇಲಿನ ಉಪಗ್ರಹಕ್ಕೆ ಹತ್ತಿ ಇಳಿದು ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡು ಕಳೆಯುತ್ತದೆ. ಸಾಗರದಡಿಯ ಗಾಜಿನ ಎಳೆಯ ಕೇಬಲಿನಲ್ಲಿ ಅವರಿಗಾಗಿಯೇ ದಾರಿಯನ್ನು ಮೀಸಲಿಡಲಾಗಿತ್ತು. ವೈದ್ಯರ ಕೈ ಅಲುಗಿ, ಅದರ ಫಲ ತೆರೆಯ ಮೇಲೆ ಕಾಣುವ ತನಕ ಸುಮಾರು 155 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಆರನೆಯ ಒಂದು ಪಾಲಿಗಿಂತ ಕಡಿಮೆ. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಆದರೆ ಒಂದನ್ನು ಗಮನಿಸಬೇಕು: ಆ ಯಂತ್ರ ಬಲದ ಸುದ್ದಿಯನ್ನು ಹಿಂದಕ್ಕೆ ಕೊಡುತ್ತಿರಲಿಲ್ಲ. ವೈದ್ಯರು ನೋಡಿ ಕತ್ತರಿಸಿದರು, ಮುಟ್ಟಿ ಅಲ್ಲ. ಕಣ್ಣು ಸಾಗರ ದಾಟಿತ್ತು. ಕೈ ಅರ್ಧ ಮಾತ್ರ ದಾಟಿತ್ತು.

ಉಳಿದರ್ಧ ದಾಟಿದ್ದು ಮರುವರ್ಷ. 2002ರ ಅಕ್ಟೋಬರ್ 29ರಂದು ಎಂ.ಐ.ಟಿ.ಯಲ್ಲೊಬ್ಬರು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲೊಬ್ಬರು, ನಡುವೆ ಐದು ಸಾವಿರ ಕಿಲೋಮೀಟರು. ಇಬ್ಬರ ತೆರೆಯ ಮೇಲೂ ಒಂದೇ ಘನಾಕಾರದ ಪೆಟ್ಟಿಗೆ. ಅದು ಎಲ್ಲಿಯೂ ಇಲ್ಲದ ಪೆಟ್ಟಿಗೆ. ಒಬ್ಬರು ಈ ಬದಿಯಿಂದ, ಇನ್ನೊಬ್ಬರು ಆ ಬದಿಯಿಂದ ಒತ್ತಿ ಹಿಡಿದು ಅದನ್ನು ಎತ್ತಬೇಕು. ಒಬ್ಬರು ಒತ್ತಿದ್ದು ಇನ್ನೊಬ್ಬರ ಬೆರಳಿಗೆ ತಿಳಿಯಿತು, ಪೆಟ್ಟಿಗೆ ಮೇಲೆದ್ದಿತು. ಇದು ಮೀಸಲು ದಾರಿಯಲ್ಲ. ವಿದ್ಯಾಸಂಸ್ಥೆಗಳ ವೇಗದ ಪೊಟ್ಟಣಜಾಲ. ಎಂ.ಐ.ಟಿ. ಕಡೆಯಲ್ಲಿ ಈ ಪ್ರಯೋಗವನ್ನು ನಡೆಸಿದವರು ಮಂಡಯಂ ಶ್ರೀನಿವಾಸನ್. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು ಎಂದು ಇಲ್ಲಿ ಹೇಳಿದರೆ ತಪ್ಪಾಗಲಾರದು.

ಸೆಕೆಂಡಿಗೆ ಸಾವಿರ ಪೊಟ್ಟಣದ ಹೊರೆ ಮಾತ್ರ ಉಳಿದೇ ಇತ್ತು. ಯುಡಿಪಿಯಲ್ಲಿಯೂ ವಿಳಾಸದ ಹೊದಿಕೆ ಒಟ್ಟು 28 ಬೈಟ್. ಒಳಗಿನ ಸುದ್ದಿ 24. ಚೀಲವೇ ಇನ್ನೂ ಭಾರ! ಜರ್ಮನಿಯ ಮ್ಯೂನಿಕ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದ ಪೀಟರ್ ಹಿಂಟರ್‌ಸೀರ್, ಎಕಹಾರ್ಟ್ ಸ್ಟೈನ್‌ಬಾಖ್ ಮತ್ತು ಅವರ ಸಂಗಡಿಗರು 2005ರಲ್ಲಿ ಇದಕ್ಕೆ ಸೊಗಸಾದ ಪರಿಹಾರ ತಂದರು. ಅವರಿಗೆ ನೆರವಾದದ್ದು ಹೊಸ ಯಂತ್ರವಲ್ಲ, ನೂರೆಪ್ಪತ್ತು ವರ್ಷಗಳ ಹಿಂದಿನ ಒಂದು ಅರಿವು. ಲೈಪ್‌ಜಿಗ್‌ನ ಅರ್ನ್ಸ್ಟ್ ವೇಬರ್ ಎಂಬ ಪಂಡಿತನು ಜನರ ಕೈಗೆ ತೂಕಗಳನ್ನು ಕೊಟ್ಟು ಪರೀಕ್ಷಿಸಿ, 1834ರಲ್ಲಿ ಸ್ಪರ್ಶವನ್ನು ಕುರಿತ ಗ್ರಂಥದಲ್ಲಿ ಬರೆದಿದ್ದನು: ಕೈ ವ್ಯತ್ಯಾಸವನ್ನು ಅಳೆಯುವುದು ಇದ್ದುದಕ್ಕೆ ತಕ್ಕ ಪ್ರಮಾಣದಲ್ಲಿ. ಐವತ್ತು ಗ್ರಾಂ ಹಿಡಿದಿದ್ದಾಗ ಹತ್ತು ಗ್ರಾಂ ಸೇರಿಸಿದರೆ ತಿಳಿದೀತು. ಒಂದು ಕಿಲೋ ಹಿಡಿದಿದ್ದಾಗ ಅದೇ ಹತ್ತು ಗ್ರಾಂ ತಿಳಿಯದು. ಹಾಗಿದ್ದ ಮೇಲೆ ಕೈಗೆ ತಿಳಿಯದ ವ್ಯತ್ಯಾಸವನ್ನು ಅಂಚೆಗೆ ಹಾಕುವುದೇಕೆ? ಹಿಂದೆ ಕಳುಹಿಸಿದ್ದಕ್ಕಿಂತ ಕೈಗೆ ತಿಳಿಯುವಷ್ಟು ಬದಲಾದಾಗ ಮಾತ್ರ ಪೊಟ್ಟಣ ಹೊರಡಲಿ. ಹೀಗೆ ಮಾಡಿದಾಗ ಅವರ ಪ್ರಯೋಗಗಳಲ್ಲಿ ಹತ್ತು ಪೊಟ್ಟಣಗಳಲ್ಲಿ ಎಂಟೊಂಬತ್ತರವರೆಗೆ ಉಳಿತಾಯವಾಯಿತು. ಕೈಗೆ ಕೊರತೆ ಅಷ್ಟಾಗಿ ಕಾಣಲಿಲ್ಲ.

ಈ ಉಳಿತಾಯದೊಡನೆ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಬಂತು. ಸಾವಿರದಲ್ಲಿ ಒಂದು ಕಳೆದರೆ ಚಿಂತೆಯಿರಲಿಲ್ಲ. ಈಗ ಹೊರಡುವುದೇ ನೂರು, ಒಂದೊಂದೂ ಮುಖ್ಯವಾದದ್ದು. ಬೆರಳು ವಸ್ತುವಿಗೆ ತಾಗಿತೆಂಬ ಪೊಟ್ಟಣವೇ ಕಳೆದರೆ? ಆದ್ದರಿಂದ ಮುಖ್ಯ ಸುದ್ದಿಯನ್ನು ಮುಂದಿನ ಪೊಟ್ಟಣದಲ್ಲಿಯೂ ಸೇರಿಸಿ ಕಳುಹಿಸುವ ಜಾಗರೂಕತೆ ಬೇಕಾಯಿತು. ಎಲ್ಲವನ್ನೂ ಕಳೆಯಬಹುದೆಂಬುದೂ ತಪ್ಪು, ಯಾವುದನ್ನೂ ಕಳೆಯಬಾರದೆಂಬುದೂ ತಪ್ಪು. ಕಳೆದರೆ ಬಾಧೆಯಿಲ್ಲದ್ದು ಯಾವುದು ಎಂದು ಮೊದಲೇ ಕೇಳಿಕೊಳ್ಳಬೇಕು.

ಇಂದು ಅನುಭವಿಗಳು ಆರಿಸುವುದು ಒಂದು ಅಂಚೆಯನ್ನಲ್ಲ, ಎರಡನ್ನು. ಕೈಯ ಸ್ಥಾನ, ವೇಗ, ಬಲಗಳ ಹೊಳೆ ಯುಡಿಪಿಯಲ್ಲಿ ಹರಿಯುತ್ತದೆ. ಪ್ರತಿ ಪೊಟ್ಟಣದ ಮೇಲೂ ಕ್ರಮಸಂಖ್ಯೆ, ಹೊರಟ ಹೊತ್ತು. ಹೊಸದು ಬಂದ ಮೇಲೆ ಹಳೆಯದು ಬಂದರೆ ಅದನ್ನು ಎಸೆದುಬಿಡುವುದು. ಧ್ವನಿಗೂ ಚಿತ್ರಕ್ಕೂ ಹೀಗೆ ಸಂಖ್ಯೆ ಮತ್ತು ಹೊತ್ತನ್ನು ಬರೆಯುವ ಪದ್ಧತಿ 1996ರಲ್ಲಿಯೇ ಆರ್‌ಟಿಪಿ ಎಂಬ ಕಟ್ಟಳೆಯಲ್ಲಿ ಬಂದಿತ್ತು. ಆದರೆ "ಯಂತ್ರವನ್ನು ನಿಲ್ಲಿಸು", "ಹಿಡಿದ ಸಾಧನವನ್ನು ಬದಲಾಯಿಸು" ಎಂಬಂಥ ಅಪ್ಪಣೆಗಳು ರಸೀದಿಯಿರುವ ದಾರಿಯಲ್ಲಿಯೇ ಹೋಗಬೇಕು. ರೋಗಿಯ ಮೈಮೇಲೆ ಚೂರಿಯಿರುವಾಗ "ನಿಲ್ಲಿಸು" ಎಂಬ ಮಾತು ದಾರಿಯಲ್ಲಿ ಕಳೆಯಬಾರದಷ್ಟೆ. ಸುದ್ದಿಯೇ ಬಾರದೆ ಹೋದರೆ ಯಂತ್ರ ತಾನಾಗಿ ನಿಲ್ಲುವ ಏರ್ಪಾಡೂ ಇರಬೇಕು. 2021ರಲ್ಲಿ ಕಟ್ಟಳೆಯಾಗಿ ಪ್ರಕಟವಾದ ಕ್ವಿಕ್ ಎಂಬುದಕ್ಕೆ 2022ರಲ್ಲಿ ಒಂದು ಸೇರ್ಪಡೆ ಬಂದು, ಒಂದೇ ಸಂಪರ್ಕದೊಳಗೆ ರಸೀದಿಯ ಸುದ್ದಿಯನ್ನೂ ರಸೀದಿಯಿಲ್ಲದ ಸುದ್ದಿಯನ್ನೂ ಕಳುಹಿಸುವುದು ಸಾಧ್ಯವಾಯಿತು. 1978ರಲ್ಲಿ ಸೀಳಿದ ಎರಡು ದಾರಿಗಳು ಒಂದೇ ಮನೆಯ ಎರಡು ಬಾಗಿಲಾದವು.

ಅಂಚೆ ಎಷ್ಟೇ ಚೆನ್ನಾಗಿರಲಿ, ಬೆಳಕಿನ ವೇಗವನ್ನು ಮೀರುವಂತಿಲ್ಲ. 2014ರಲ್ಲಿ ಜರ್ಮನಿಯ ಡ್ರೆಸ್ಡನ್ನಿನ ಗೆರ್ಹಾರ್ಡ್ ಫೆಟ್‌ವೈಸ್ ಸ್ಪರ್ಶದ ಇಂಟರ್‌ನೆಟ್ ಎಂಬ ಗುರಿಯನ್ನು ಜನರ ಮುಂದಿಟ್ಟಾಗ, ಹೋಗಿಬರುವುದಕ್ಕೆ ಒಂದು ಮಿಲಿಸೆಕೆಂಡು ಎಂಬ ಅಳತೆಯನ್ನು ಮುಂದಿಟ್ಟರು. ಗಾಜಿನ ಎಳೆಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿನಲ್ಲಿ ಸಾಗುವುದು ಸುಮಾರು 200 ಕಿಲೋಮೀಟರು. ಹೋಗಿ ಬರಬೇಕಾದರೆ 100 ಕಿಲೋಮೀಟರಿನೊಳಗೇ ಇರಬೇಕು. ಬೆಂಗಳೂರಿನ ಕೈ ಮೈಸೂರನ್ನೂ ಮುಟ್ಟಲಾರದು! ದೂರ ಇನ್ನೂ ಹೆಚ್ಚಾದರೆ, ಆಚೆಯ ವಸ್ತು ಎಷ್ಟು ಗಟ್ಟಿ, ಎಲ್ಲಿದೆ ಎಂಬ ಅಂದಾಜಿನ ಪ್ರತಿಯೊಂದನ್ನು ಈಚೆಯ ಯಂತ್ರದಲ್ಲಿಯೇ ಇಟ್ಟು, ಕೈಗೆ ಅದನ್ನು ಮುಟ್ಟಿಸುತ್ತ, ಬಂದ ಸುದ್ದಿಯಿಂದ ಅದನ್ನು ತಿದ್ದುತ್ತ ಹೋಗುವ ಉಪಾಯವುಂಟು. ಆಗ ಕೈ ಮುಟ್ಟುವುದು ರೋಗಿಯನ್ನಲ್ಲ, ರೋಗಿಯನ್ನು ಕುರಿತ ಯಂತ್ರದ ಊಹೆಯನ್ನು. ಊಹೆ ತಪ್ಪಿದರೆ ಯಾರು ಹೊಣೆ ಎಂಬ ಪ್ರಶ್ನೆ ಅಲ್ಲಿಂದ ಮುಂದಕ್ಕೆ ಇಂಜಿನಿಯರರೊಬ್ಬರದೇ ಅಲ್ಲ, ನಮ್ಮೆಲ್ಲರದು.

ಮಾತು ಹೊತ್ತಿಗೆ ಸರಿಯಾಗಿ ಕೇಳಲೆಂದು ಹಟ ಹಿಡಿದ ಕೆಲವರು ಅಂದು ತೆರೆಸಿಟ್ಟ ಪುಟ್ಟ ಬಾಗಿಲಿನಿಂದ ಇಂದು ಸ್ಪರ್ಶವೂ ಹೊರಟಿದೆ. ಅದಿನ್ನೂ ಬಹಳ ದೂರ ನಡೆದಿಲ್ಲ. ಮುಂದೊಂದು ದಿನ ನಿಮ್ಮೂರಿನ ಆಸ್ಪತ್ರೆಯಲ್ಲಿ ಯಂತ್ರದ ಬೆರಳೊಂದು ನಿಮ್ಮ ಹೊಟ್ಟೆಯನ್ನು ಮೆಲ್ಲನೆ ಒತ್ತಿ, ದೂರದ ವೈದ್ಯರ ಧ್ವನಿ "ಇಲ್ಲಿ ನೋಯುತ್ತದೆಯೆ?" ಎಂದು ಕೇಳಬಹುದು. ಆಗ ನೀವು "ಹೌದು" ಎನ್ನುವ ಮುಂಚೆಯೇ ಅವರ ಬೆರಳು ಹಿಂದಕ್ಕೆ ಸರಿದರೆ, ಅಂಚೆ ಸರಿಯಾದದ್ದೆಂದು ತಿಳಿಯಿರಿ.